ತೆಲಿಗಿ ಅಜ್ಜನ ಗಾಲಿಕುರ್ಚಿ

ರೋಗಿ ಇರುವ ಮನೆಯಲ್ಲಿ ನಗಬಾರದು ಅಂತಾರೆ. ಆದರೆ ನಗು ಹೇಳಿ ಕೇಳಿ ಬರುತ್ತದೆಯೇ? ಆಗ ನಾನು ಹರಪನಹಳ್ಳಿ ಸುತ್ತಮುತ್ತ ಮನೆಮನೆಗೆ ಹೋಗಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದೆ. ಎಲ್ಲರ ಬಾಯಲ್ಲೂ ನಾನು ಆಯಮ್ಮ. ನಮ್ಮ ಮನೆಯವರದು ಸೈಕಲ್ ರಿಪೇರಿ ಅಂಗಡಿ. ಗುಜರಿಗೆ ಬಂದ ಒಂದು ಗಾಲಿಕುರ್ಚಿ, ಹಿಡಿಕೆ ತಿರುಗಿಸಿದರೆ ತಲೆಭಾಗ ಏಳುವ ಒಂದು ಮಂಚ, ಎರಡನ್ನೂ ಸರಿಮಾಡಿ ಬಾಡಿಗೆಗೆ ಇಟ್ಟಿದ್ದರು. ಸಾಮಾನು ಅವರದು, ಸೇವೆ ನನ್ನದು, ಫಜೀತಿ ಇಬ್ಬರದೂ.

ಪೂಜೆ

ಕೊಟ್ಟೂರಿನ ಒಂದು ಮನೆಯಲ್ಲಿ ಸೊಸೆಗೆ ಕಾಲು ಮುರಿದಿತ್ತು. ಕುರ್ಚಿ ಒಯ್ದೆವು. ಗಾಲಿ ಇರುವ ಸಾಮಾನನ್ನು ಪೂಜೆಯಿಲ್ಲದೆ ಬಳಸುವುದುಂಟೇ? ಕುಂಕುಮ ಹಚ್ಚಿದರು, ಕಾಯಿ ಒಡೆದರು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಸೊಸೆ ಪಾಪ, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತೇ ಇದ್ದಳು.

"ಇನ್ನ ಕುಂದ್ರಸ್ರಿ," ಅಂದೆ.

"ಹಿರೇರು ಇರಾಗ ಸೊಸಿ ಮೊದ್ಲು ಕುಂದ್ರಾದಾ?" ಎಂದು ಅತ್ತೆಯೇ ಕೂತರು. ಮಗ ನೂಕಿದ. ನಿಂಬೆಹಣ್ಣು ಪಚಕ್ಕೆಂದಿತು. ಅತ್ತೆ ಅಂಗಳ ಸುತ್ತಿ ಬಂದರು, ಇಳಿಯಲಿಲ್ಲ.

"ಮೊಣಕಾಲಿಗೆ ಭಾಳ ಹಿತ ಐತಿ ನೋಡವ್ವಾ. ಇದು ನನಗಿರ್ಲಿ, ಸೊಸಿಗೆ ಇನ್ನೊಂದು ತಗಂಬಾ!"

ಹಿಡಿಕೆ

ತೆಲಿಗಿಯ ಒಬ್ಬ ಅಜ್ಜ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಲ್ಲಿಗೆ ಮಂಚ, ಕುರ್ಚಿ ಎರಡೂ ಹೋದವು, ಜೊತೆಗೆ ನಾನೂ. ಅಜ್ಜನನ್ನು ಮಾತಾಡಿಸಲು ಬಂದವರೆಲ್ಲ ಮೊದಲು ಮಂಚದ ಹಿಡಿಕೆಗೆ ಕೈ ಹಾಕುವರು. ಒಬ್ಬ ತಿರುಗಿಸಿದರೆ ಅಜ್ಜ ಮೇಲೆ, ಇನ್ನೊಬ್ಬ ತಿರುಗಿಸಿದರೆ ಕೆಳಗೆ. ಕೊನೆಗೆ ಅಜ್ಜ ಗುಡುಗಿದರು.

"ಲೇ, ನನ್ನ ಮಾತಾಡ್ಸಾಕ ಬಂದೀರೋ, ಕಬ್ಬಿನಹಾಲು ತಗಿಯಾಕ ಬಂದೀರೋ?"

ಬೀಗರು

ಅಜ್ಜನ ಮೂಳೆ ಕೂಡಿತು. ಈಗ ನಡೆಯದಿದ್ದರೆ ಕಾಲು ಮರಗಟ್ಟುತ್ತದೆ ಎಂದರು ಡಾಕ್ಟರು. ಅಜ್ಜ ಕೇಳಬೇಕಲ್ಲ! ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ, ಅದೂ ನಾವು ಎತ್ತಿದರೆ. ಕೋಲು ಕೊಟ್ಟರೆ ಬೆಕ್ಕಿಗೆ ಎಸೆದರು. ಅಜ್ಜಿ ನನ್ನ ಕೈ ಹಿಡಿದುಕೊಂಡರು.

"ಹೆಂಗರ ಮಾಡಿ ನಡಸವ್ವಾ. ಇವರು ಹಿಂಗ ಕುಂತುಬಿಟ್ರ ನಾ ಯಾರ ಕೂಡ ಜಗಳಾಡ್ಲಿ?"

ಅವರ ಕಣ್ಣಲ್ಲಿ ನೀರು.

ಅಷ್ಟರಲ್ಲಿ ಹಡಗಲಿಯಿಂದ ಬೀಗರು ಬಂದರು, ಅಜ್ಜನ ಸೊಸೆಯ ಅಪ್ಪ. ಬೀಗರಿಗೆ ಮನೆಯಲ್ಲಿರುವ ಒಳ್ಳೆಯ ಕುರ್ಚಿ ಹಾಕಬೇಕು. ಆ ಮನೆಯಲ್ಲಿದ್ದ ಒಳ್ಳೆಯ ಕುರ್ಚಿ ನಮ್ಮದೇ. ಬೀಗರು ಅದರಲ್ಲಿ ಕಾಲು ಚಾಚಿ ಕೂತು, ಪಡಸಾಲೆಯಲ್ಲಿ ಹಿಂದೆ ಮುಂದೆ ಉರುಳಿದರು.

"ಏನ್ರಿ ಬೀಗರ, ಮದಿವ್ಯಾಗ ನಮಗ ಇಂಥಾ ಕುರ್ಚಿ ಹಾಕಲಿಲ್ಲಲ್ರಿ!"

ಮಂಚದ ಮೇಲಿದ್ದ ಅಜ್ಜನ ಮೀಸೆ ಕುಣಿಯಿತು. "ಏಳ್ರಿ, ಅದು ನಂದು."

"ಬಂದು ಎಬ್ಬಸ್ರಿ, ನೋಡಾನ."

ಅಜ್ಜ ಇಳಿದೇಬಿಟ್ಟರು! ನಾನು ಓಡಿಹೋಗಿ ಕಂಕುಳಿಗೆ ಕೈ ಕೊಟ್ಟೆ. ಬೈಯುತ್ತಾ, ಕಾಲೆಳೆಯುತ್ತಾ ಹೋಗಿ ಬೀಗರ ಟವೆಲ್ ಹಿಡಿಯುವಷ್ಟರಲ್ಲಿ ಅವರು ಪಡಸಾಲೆಯ ಆ ತುದಿಗೆ ಉರುಳಿದರು. ಅಜ್ಜ ಬಿಡಲಿಲ್ಲ, ಅಲ್ಲಿಗೂ ನಡೆದರು. ಅಜ್ಜಿ ಅಳುತ್ತಲೇ ನಗುವುದನ್ನು ಕಂಡ ಮೇಲೆಯೇ ತಾವು ನಡೆಯುತ್ತಿರುವುದು ಅಜ್ಜನಿಗೆ ಗೊತ್ತಾದದ್ದು.

ಬೀಗರು ಅಲ್ಲೇ ಠಿಕಾಣಿ ಹೂಡಿ ದಿನಾ ಕೆಣಕಿದರು. ಅಜ್ಜ ಕೋಲೂರಿ ತಾವೇ ನಡೆಯತೊಡಗಿದರು, ಕುರ್ಚಿ ಬೇಡವಾಯಿತು. ನಾವು ಕುರ್ಚಿ ಗಾಡಿಗೆ ಏರಿಸುವಾಗ ಅಜ್ಜಿ ಬಾಗಿಲಿಗೆ ಬಂದು ಅಂದರು:

"ಆಯಮ್ಮ, ಬರೇ ಕುರ್ಚಿ ಒಯ್ದ್ರ ಏನುಪಯೋಗ? ಈ ಬೀಗರನ್ನೂ ಒಯ್ದು ಬಾಡಿಗಿಗೆ ಕೊಡ್ರಿ. ಮಲಗಿದೋರೆಲ್ಲ ಎದ್ದು ಬೆನ್ನು ಹತ್ತತಾರ!"