ಕೊನೆಯ ಬಸ್ಸಿನವನು ರಾಕೆಟ್ ನೋಡಲು ಹೋದದ್ದು

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಬೀಪಿ. ನನಗಿರುವುದು ಕೊನೆಯ ಬಸ್ಸಿನ ಕಾಯಿಲೆ. ನಾನು ಹುಡುಗನಾಗಿದ್ದಾಗ ವಿರಾಜಪೇಟೆಯಿಂದ ನಮ್ಮ ಕಕ್ಕಬೆಗೆ ಸಂಜೆ ಐದೂವರೆಗೆ ಕೊನೆಯ ಬಸ್ಸು. ಅದು ತಪ್ಪಿತೋ, ಪೇಟೆಯ ಯಾರೋ ನೆಂಟರ ಮನೆಯಲ್ಲಿ ಅವರ ಮುಖ ಅವರು, ನಮ್ಮ ಮುಖ ನಾವು ನೋಡಿಕೊಂಡು ಬೆಳಗು ಮಾಡಬೇಕು. ಹೀಗಾಗಿ ಸಿನಿಮಾಕ್ಕೆ ಹೋದರೆ ಖಳನಾಯಕ ಇನ್ನೂ ಗೆಲ್ಲುತ್ತಿರುವಾಗಲೇ ಎದ್ದು ಬರುತ್ತಿದ್ದೆ. ನನ್ನ ಮಟ್ಟಿಗೆ ಆ ಖಳನಾಯಕರೆಲ್ಲ ಇಂದಿಗೂ ಸುಖವಾಗಿದ್ದಾರೆ. ಹಾಕಿ ಫೈನಲ್ ನೋಡಿದರೆ ಯಾರು ಗೆದ್ದರೆಂದು ಮರುದಿನ ಪೇಪರಿನಲ್ಲಿ ಓದುತ್ತಿದ್ದೆ. ಈಗ ಮನೆಯಲ್ಲಿ ಸ್ಕೂಟರ್ ಇದೆ, ಫೋನ್ ಮಾಡಿದರೆ ಬಾಡಿಗೆ ಜೀಪು ಅಂಗಳಕ್ಕೇ ಬರುತ್ತದೆ. ಆದರೂ ಗಡಿಯಾರದಲ್ಲಿ ನಾಲ್ಕು ಹೊಡೆದರೆ ಸಾಕು, ನನ್ನ ಕಾಲುಗಳು ನನ್ನನ್ನು ಕೇಳದೆ ಚಪ್ಪಲಿ ಹುಡುಕಲು ಹೊರಡುತ್ತವೆ.

ನಾನು ಮೂವತ್ತು ವರ್ಷ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದ ತಕ್ಷಣ ಹೊರಗಿನವರು ನಾನೇನೋ ಕಾದಂಬರಿ ಬರೆದವನೆಂದು ಗೌರವದಿಂದ ನೋಡುತ್ತಾರೆ. ನಮ್ಮ ಕಡೆ ರೈಟರ್ ಎಂದರೆ ಕೆಲಸದವರ ಹಾಜರಿ ಬರೆಯುವವನು. ಯಾರು ಬಂದರು ಎಂದು ಬರೆಯುವವನೇ ಎಲ್ಲ ಕಡೆಯಿಂದ ಮೊದಲು ಎದ್ದು ಹೋಗುವವನಾದದ್ದು ನನ್ನ ಹೆಂಡತಿ ಬೋಜಮ್ಮನ ಹಣೆಬರಹ. ಅವಳು ಶಾಲೆಯಲ್ಲಿ ವಿಜ್ಞಾನದ ಟೀಚರ್. ಯಾವುದನ್ನೂ ಅರ್ಧಕ್ಕೆ ಬಿಡುವ ಜಾತಿಯಲ್ಲ. ನಮ್ಮ ಮದುವೆಗಳಲ್ಲಿ ಕೊನೆಗೆ ಗಂಗಾಪೂಜೆ ಎಂದಿದೆ. ಮದುಮಗಳು ಬಿಂದಿಗೆಯಲ್ಲಿ ನೀರು ಹೊತ್ತು ಬರುವಾಗ ಗಂಡಿನ ಕಡೆಯವರು ದಾರಿಗೆ ಅಡ್ಡವಾಗಿ ವಾಲಗಕ್ಕೆ ಕುಣಿಯುತ್ತಾರೆ. ಅವರಿಗೆ ಸುಸ್ತಾಗುವವರೆಗೆ ಅವಳು ಒಂದೊಂದೇ ಹೆಜ್ಜೆ ಇಡಬೇಕು. ಬೇರೆಯವರ ಗಂಗಾಪೂಜೆಯನ್ನು ಬೋಜಮ್ಮ ಒಮ್ಮೆಯೂ ಪೂರ್ತಿ ನೋಡಿದ್ದಿಲ್ಲ, ನಾನು ಬಿಟ್ಟರೆ ತಾನೇ! ನಮ್ಮದೇ ಮದುವೆಯಲ್ಲೂ ನಾನು ವಾಲಗದವನ ಕಿವಿಯಲ್ಲಿ, "ಇನ್ನೆಷ್ಟು ಹೊತ್ತು ಮಾರಾಯ?" ಎಂದು ಕೇಳಿದ್ದೆನಂತೆ. ಮದುವೆ ನಡೆದದ್ದು ನಮ್ಮ ಮನೆಯಂಗಳದಲ್ಲೇ. ಹಿಡಿಯಬೇಕಾದ ಬಸ್ಸೇ ಇರಲಿಲ್ಲ.

ರಿಟೈರ್ ಆದ ಮೇಲೆ ಬೋಜಮ್ಮ ಒಂದೇ ಒಂದು ಆಸೆ ಹೇಳಿದಳು. ವರ್ಷಾನುಗಟ್ಟಲೆ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹಾರಿಸಿದ ರಾಕೆಟ್ಟನ್ನು ಒಮ್ಮೆ ಕಣ್ಣಾರೆ ನೋಡಬೇಕು. ಫೋನಿನಲ್ಲಿ ಏನೇನೋ ಒತ್ತಿ ಶ್ರೀಹರಿಕೋಟದ ಗ್ಯಾಲರಿಗೆ ಎರಡು ಪಾಸು ಅವಳೇ ಮಾಡಿಸಿದಳು. ಆಮೇಲೆ ನನ್ನನ್ನು ಎದುರು ಕೂರಿಸಿಕೊಂಡು, "ನೋಡಿ, ಇದನ್ನಾದ್ರೂ ಕೊನೇವರೆಗೆ ನೋಡ್ಬೇಕು, ಇಬ್ರೂ ಒಟ್ಟಿಗೆ. ಉಪಗ್ರಹ ಬೇರ್ಪಟ್ಟಿತು ಅಂತ ಮೈಕಲ್ಲಿ ಹೇಳುವ ತನಕ ನೀವು ಏಳಬಾರದು. ಇಗ್ಗುತಪ್ಪನ ಆಣೆ ಮಾಡಿ," ಎಂದಳು. ನಮ್ಮ ಊರದೇವರು ಇಗ್ಗುತಪ್ಪ. ಅವನ ಹೆಸರಿನಲ್ಲಿ ಸುಳ್ಳು ಹೇಳಿದವರು ನಮ್ಮಲ್ಲಿ ಯಾರೂ ಇಲ್ಲ. ಆಣೆ ಮಾಡಿದೆ. ಮಾಡಿದ ಮರುಕ್ಷಣವೇ, ಹಿಂದಿರುಗುವ ರೈಲು ಎಷ್ಟು ಗಂಟೆಗೆ ಎಂದು ಕೇಳಿದೆ.

ಬಸ್ಸು, ರೈಲು, ಮತ್ತೊಂದು ರೈಲು ಎಂದು ಸುಳ್ಳೂರುಪೇಟೆಯಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗ್ಯಾಲರಿಗೆ ಹೋದೆವು. ನನಗೆ ಮೊದಲು ಗಾಬರಿಯಾದದ್ದು ಆಕಾಶ ನೋಡಿ. ನಮ್ಮೂರಲ್ಲಿ ಆಕಾಶ ಬೆಟ್ಟಕ್ಕೂ ಮರಕ್ಕೂ ನಡುವೆ ಅಳತೆಯಾಗಿ ಕಾಣುತ್ತದೆ. ಇಲ್ಲಿ ಎತ್ತ ತಿರುಗಿದರೂ ಅದೇ. ಯಾವ ಕಡೆ ನೋಡಬೇಕೆಂದು ಪಕ್ಕದಲ್ಲಿದ್ದವರನ್ನು ಎರಡೆರಡು ಸಲ ಕೇಳಿದೆ. ಮೆಟ್ಟಿಲುಗಳ ಮೇಲೆ ಸಾವಿರಾರು ಜನ, ತಲೆಯ ಮೇಲೆ ಹತ್ತು ಗಂಟೆಯ ಬಿಸಿಲು. ನಾನು ಬಾಗಿಲ ಹತ್ತಿರದ ಜಾಗ ನೋಡಿದೆ, ಬೋಜಮ್ಮ ನಡುಮಧ್ಯ ಹೋಗಿ ಕೂತಳು. ಕೂತ ಮೇಲೆ ನಾನು ಮಾಡಿದ್ದಿಷ್ಟು: ಮೂರು ಸಲ ಶೌಚಕ್ಕೆ ಹೋದೆ, ಎರಡು ಸಲ ನೀರಿಗೆ, ಒಂದು ಸಲ ಹೊರಗೆ ನಿಂತ ಬಸ್ಸುಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂದು ನೋಡಲಿಕ್ಕೆ. ಅಷ್ಟರಲ್ಲಿ ಉಡಾವಣೆ ಹತ್ತು ನಿಮಿಷ ತಡ ಎಂದು ಮೈಕಿನಲ್ಲಿ ಹೇಳಿದರು. ಸುತ್ತಲಿನವರೆಲ್ಲ ಆರಾಮವಾಗಿ ಕಡಲೆಕಾಯಿ ಬಿಡಿಸಿದರು. ನನ್ನ ಹೊಟ್ಟೆಯೊಳಗೆ ಐದೂವರೆಯ ಬಸ್ಸು ಹಾರ್ನ್ ಹೊಡೆಯತೊಡಗಿತು.

ಕೊನೆಗೂ ಹಿಂದೆಣಿಕೆ ಸೊನ್ನೆಗೆ ಬಂತು. ಮರಗಳ ಆಚೆಯಿಂದ ಒಂದು ಬೆಳಕು ಮೇಲೆದ್ದಿತು, ಕಣ್ಣಿಟ್ಟು ನೋಡಲಾಗದಂಥ ಬೆಳಕು. ಆದರೆ ಸದ್ದೇ ಇಲ್ಲ! ನಾನು ಕೋವಿಯ ನಾಡಿನವನು. ನಮಗೆ ಮೊದಲು ಈಡಿನ ಸದ್ದು ಕೇಳಿಸುತ್ತದೆ, ಎಲ್ಲಿ ಏನಾಯಿತೆಂದು ವಿಚಾರಿಸುವುದು ಆಮೇಲೆ. "ಬೋಜಮ್ಮ, ಕೆಟ್ಟಿತು! ಮದ್ದು ನೆನೆದಿದೆ!" ಎಂದು ಕೂಗಿಬಿಟ್ಟೆ. ಮೂರು ಸಾಲಿನ ಜನ ರಾಕೆಟ್ ಬಿಟ್ಟು ನನ್ನನ್ನು ನೋಡಿದರು. "ಸದ್ದು ದೂರದಿಂದ ಬರ್ಬೇಕಲ್ವಾ, ಸುಮ್ನಿರಿ," ಎಂದಳು ಬೋಜಮ್ಮ, ಆಕಾಶದಿಂದ ಕಣ್ಣು ತೆಗೆಯದೆ. ಆಗ ಬಂತು ನೋಡಿ. ಕಿವಿಗಲ್ಲ, ನೇರ ಎದೆಗೆ. ಕೂತ ಮೆಟ್ಟಿಲು ನಡುಗಿತು, ಷರಟಿನ ಗುಂಡಿಗಳು ನಡುಗಿದವು. ಬೋಜಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. ನನಗೆ ಅಳು ಬಂತು, ಯಾಕೆಂದು ಈಗಲೂ ಹೇಳಲಾರೆ. ನನ್ನ ಜೀವಮಾನದಲ್ಲಿ ಯಾವ ಬಸ್ಸೂ ನೆನಪಿರದ ಅರ್ಧ ನಿಮಿಷ ಅದೊಂದೇ.

ರಾಕೆಟ್ ಮೋಡದೊಳಗೆ ಹೊಕ್ಕಿತು. ಬಿಳಿ ಹೊಗೆ ಮಾತ್ರ ಉಳಿಯಿತು. ಜನ ಏಳತೊಡಗಿದರು. ಹತ್ತು ಜನ ಎದ್ದರೆ ನಾನು ಹೇಗೆ ಕೂರಲಿ? "ಇನ್ನೂ ಕಾಲು ಗಂಟೆ ಉಂಟು," ಎಂದಳು. "ಗೊತ್ತು. ಸೀಟಿಗೆ ಕೊಡೆ ಹಾಕಿ ಬರ್ತೇನೆ, ಒಂದೇ ನಿಮಿಷ," ಎಂದೆ. ಓಡಿದೆ, ಮೊದಲ ಬಸ್ಸು ಹತ್ತಿದೆ, ಕಿಟಕಿಯ ಪಕ್ಕದ ಸೀಟಿನ ಮೇಲೆ ಅವಳಿಗಾಗಿ ಕೊಡೆ ಇಟ್ಟೆ. ಕೊಡೆ ಕದ್ದುಹೋದರೆ ಎಂಬ ಯೋಚನೆ ಬಂದು ಅದರ ಪಕ್ಕ ಒಂದು ಗಳಿಗೆ ಕೂತೆ. ಅಷ್ಟರಲ್ಲಿ ಬಸ್ಸು ತುಂಬಿ ಹೊರಟಿತು. ಇಳಿಯೋಣವೆಂದರೆ ಬಾಗಿಲವರೆಗೂ ಜನ. ನಿಂತಿದ್ದ ಒಬ್ಬರು ಕೊಡೆ ತೋರಿಸಿ, "ಇಲ್ಲಿ ಯಾರಿದ್ದಾರೆ?" ಎಂದು ಸನ್ನೆಯಲ್ಲಿ ಕೇಳಿದರು. "ಹೆಂಡತಿ," ಎಂದೆ. ಸುಳ್ಳೂರುಪೇಟೆಯವರೆಗೂ ಕೊಡೆ ಸಮುದ್ರದ ಗಾಳಿ ತೆಗೆದುಕೊಳ್ಳುತ್ತಾ ಸುಖವಾಗಿ ಕೂತು ಬಂತು.

ಬೋಜಮ್ಮ ಸ್ಟೇಷನ್ನಿಗೆ ಬಂದದ್ದು ಒಂದೂವರೆ ಗಂಟೆಯ ನಂತರ. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತಿದ್ದೆ. ಅವಳ ಮುಖ ನೋಡಿದರೆ ಬೈಗುಳದ ಸುಳಿವಿಲ್ಲ. ಹುತ್ತರಿ ಹಬ್ಬದ ದಿನ ಇರುವ ಹಾಗೆ ಇದ್ದಳು. ರೈಲು ಎರಡು ಗಂಟೆ ತಡ ಎಂದು ಆಗಲೇ ಬೋರ್ಡಿನಲ್ಲಿ ಬರೆದಿತ್ತು. "ಕೊನೆಗೆ ಏನಾಯ್ತು?" ಎಂದು ಮೆಲ್ಲಗೆ ಕೇಳಿದೆ. "ಮೊದಲನೇ ಹಂತ ಉಂಟಲ್ಲ," ಎಂದಳು, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ, "ಜಾಸ್ತಿ ಸದ್ದು ಅದರದ್ದೇ, ಜಾಸ್ತಿ ಅವಸರವೂ ಅದರದ್ದೇ. ಎರಡು ನಿಮಿಷ ಆದ ಕೂಡ್ಲೆ ಕಳಚಿ ಸಮುದ್ರಕ್ಕೆ ಬೀಳ್ತದೆ. ಉಳಿದದ್ದು ಹಗುರಾಗಿ ಹೋಗ್ತದೆ, ಕೊನೆಗೆ ಉಪಗ್ರಹ ಬೇರ್ಪಟ್ಟು ತನ್ನ ಜಾಗ ಸೇರ್ತದೆ." ಚೀಲ ಹತ್ತಿರ ಎಳೆದುಕೊಂಡು, "ಆದ್ರೆ ಅದಿಲ್ದೆ ನೆಲ ಬಿಟ್ಟು ಏಳ್ಲಿಕ್ಕೂ ಆಗುದಿಲ್ಲ ಅನ್ನಿ," ಎಂದು ಬುತ್ತಿ ಬಿಚ್ಚಿದಳು. ಅವಳ ಮೂವತ್ತು ವರ್ಷದ ಆಸೆಯಲ್ಲಿ ಅರ್ಧವನ್ನು ನಾನು ಒಂದು ಕೊಡೆಗೆ ಕೊಟ್ಟೆನಲ್ಲ ಎಂದು ಆಗ ನಿಜಕ್ಕೂ ನಾಚಿಕೆಯಾಯಿತು. ಊರಿಗೆ ಬಂದವನೇ ಇಗ್ಗುತಪ್ಪನಿಗೆ ತಪ್ಪುಕಾಣಿಕೆ ಹಾಕಿದೆ.

ಹೋದ ತಿಂಗಳು ಹುದಿಕೇರಿಯಲ್ಲಿ ಒಂದು ಮದುವೆ. ಇದನ್ನು ಕೊನೆಯವರೆಗೆ ನೋಡಿಯೇ ಸಿದ್ಧ ಎಂದು ಶಪಥ ಮಾಡಿಕೊಂಡು ಹೋಗಿದ್ದೆ. ನಾಲ್ಕು ಗಂಟೆಗೆ ಬೋಜಮ್ಮ ನನ್ನ ಕಾಲುಗಳನ್ನು ನೋಡಿದಳು. "ನೀವು ಹೋಗಿ ಸೀಟು ಹಿಡೀರಿ," ಎಂದು ತಾನೇ ಕೊಡೆ ತಂದು ಕೈಗಿತ್ತಳು. ಹೋಗಿ ಕೂತೆ, ಪಕ್ಕದಲ್ಲಿ ಕೊಡೆ ಇಟ್ಟೆ. ಬಸ್ಸು ಹೊರಟಾಗ ಮಂಟಪದ ಬಾಗಿಲಲ್ಲಿ ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಣಿಯುವವರ ಗುಂಪಿಗೆ ಸೇರುತ್ತಿದ್ದದ್ದು ಕಂಡಿತು. ಅವಳು ಬರುವ ಯೋಚನೆಯಲ್ಲೇ ಇರಲಿಲ್ಲ ಎಂದು ಆಗ ಹೊಳೆಯಿತು.

"ಸಾರ್, ಇಲ್ಲಿ ಯಾರಾದ್ರೂ ಬರ್ತಾರಾ?" ಎಂದು ಕಂಡಕ್ಟರ್ ಕೊಡೆ ತೋರಿಸಿ ಕೇಳಿದ.

"ಇಲ್ಲಪ್ಪ, ನನ್ನ ಹೆಂಡತಿ ಇದ್ದಳು. ಬೇರ್ಪಟ್ಟಳು."

ಅವನ ಮುಖ ಸಪ್ಪಗಾಯಿತು. "ಅಯ್ಯೋ, ಈ ವಯಸ್ಸಲ್ಲಿಯಾ ಸಾರ್?" ಎಂದವನು, ಯಾರನ್ನೂ ಅಲ್ಲಿ ಕೂರಲು ಬಿಡದೆ, ವಿರಾಜಪೇಟೆಯವರೆಗೂ ಆ ಸೀಟನ್ನು ನನಗಾಗಿ ಖಾಲಿ ಇಟ್ಟ.