ಅತ್ತೆಯ ಹನ್ನೊಂದು ಗಡಿಗೆ

ನಮ್ಮ ಸೋದರತ್ತೆಯನ್ನು ಕಲಾಪ್ರದರ್ಶನಕ್ಕೆ ಕರೆದೊಯ್ಯುವ ಧೈರ್ಯ ನಿಮಗಿದ್ದರೆ ಹೇಳಿ, ನಾಳೆಯೇ ಕಳಿಸಿಕೊಡುತ್ತೇನೆ. ನನಗಂತೂ ಸಾಕಾಗಿದೆ! ನಾಲ್ಕು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡಾಗಿನಿಂದ ನನ್ನನ್ನು ನೋಡಿಕೊಳ್ಳಲೆಂದು ವಾರಕ್ಕೊಮ್ಮೆ ಸಾಲಹಳ್ಳಿಯಿಂದ ಬೈಲಹೊಂಗಲಕ್ಕೆ ಬಸ್ಸು ಹತ್ತಿ ಬರುತ್ತಾಳೆ. ಬಂದ ಮೇಲೆ ಅವಳನ್ನು ನಾನು ನೋಡಿಕೊಳ್ಳಬೇಕು.

ನಾನು ಚಿತ್ರಕಲಾ ಶಿಕ್ಷಕಿ. ಇಪ್ಪತ್ತು ವರ್ಷ ಮಕ್ಕಳಿಂದ ಮಾವಿನಕಾಯಿ ಬರೆಸಿದ್ದೇ ಬಂತು. ಈ ಸಲ ಊರಿನ ಸಭಾಭವನದಲ್ಲಿ ಪ್ರದರ್ಶನ. ಆಯ್ಕೆಯಾದ ಒಂದು ಕೃತಿ ಬೆಂಗಳೂರಿಗೆ ಹೋಗುತ್ತದಂತೆ. ಆಸೆ ಯಾರಪ್ಪನ ಮನೆಯದು? ಬೂದಿ, ಬೇವಿನೆಲೆ ಬೆರೆಸಿ, ಬಾಯಿಗೆ ಸೆಗಣಿ ಮೆತ್ತಿ ಅತ್ತೆ ಕಾಪಾಡಿದ ಹನ್ನೊಂದು ಬೀಜದ ಗಡಿಗೆಗಳನ್ನು ತಂದು ಸಾಲಾಗಿ ಇಟ್ಟೆ. ಹತ್ತರ ಬಾಯಿ ತೆರೆದೆ. ಹನ್ನೊಂದನೆಯದನ್ನು ಮುಟ್ಟಲು ಅವಳು ಬಿಡಲಿಲ್ಲ. ಪಕ್ಕದಲ್ಲಿ ಫಲಕ ತೂಗುಹಾಕಿದೆ: 'ಭೂಮಿ, ಹೆಣ್ಣು ಮತ್ತು ದೇಸಿ ಜ್ಞಾನ.'

ಅತ್ತೆ ಕನ್ನಡಕ ಏರಿಸಿ ಓದಿದಳು. "ಭೂಮಿ ಐತಿ, ಹೆಣ್ಣ ಐತಿ. ಹೀರಿಕಾಯಿ ಎಲ್ಲೈತಿ?"

"ಅತ್ತಿ, ಇದು ಕಲಾ."

"ಇರಲಿ. ಹೀರಿಕಾಯಿ ಅಂತ ಬರದ್ರ ಕಲಾ ಕೆಡತೈತೇನು?"

ಬರೆದೆ. ಆಮೇಲೆ ಸವತಿಕಾಯಿ, ಅವರಿ, ಮಡಕಿಕಾಳು, ಅಲಸಂದಿ, ಎಲ್ಲ ಬರೆಸಿದಳು. ನನ್ನ ಸಮಕಾಲೀನ ಕಲೆ ಯರಗಟ್ಟಿ ಸಂತೆಯ ಬೀಜದಂಗಡಿಯಾಯಿತು! ಅಷ್ಟು ಸಾಲದೆಂದು "ಬೀಜ ಬೇಯಸಾಕ ಹತ್ತೀಯೇನು?" ಎಂದು ಗಡಿಗೆಗಳ ಮೇಲೆ ಬೆಳಕು ಬೀಳಲೆಂದು ನಾನು ಹಾಕಿಸಿದ್ದ ದೀಪಗಳನ್ನೂ ಆರಿಸಿದಳು.

ಶುಕ್ರವಾರ ಆಯ್ಕೆ ಮಾಡುವ ಮೇಡಂ ಬರುವವರಿದ್ದರು. ಅವರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದವಳು ಅರ್ಧ ತಾಸಿನಲ್ಲಿ ಅವರೊಂದಿಗೆ ತಿರುಗಿ ಬಂದು ನೋಡುತ್ತೇನೆ, ಹೆಂಗಸರು ಸೆರಗೊಡ್ಡಿ ಪಾಳಿಯಲ್ಲಿ ನಿಂತಿದ್ದಾರೆ! 'ಮುಟ್ಟಬೇಡಿ' ಎಂದು ನಾನು ಬರೆದಿಟ್ಟ ರಟ್ಟನ್ನೇ ಮಡಚಿ, ಅದರಿಂದಲೇ ಬೀಜ ಮೊಗೆದು ಅತ್ತೆ ಎಲ್ಲರ ಉಡಿ ತುಂಬುತ್ತಿದ್ದಾಳೆ.

"ಅತ್ತಿ, ಏನ ಮಾಡಾಕ ಹತ್ತೀ?"

"ನಿನ್ನ ಕೆಲಸ ನೋಡಾಕ ಹೆಣಮಕ್ಕಳು ಬಂದಾರ. ಶುಕ್ರವಾರ ದಿವಸ ಬರೇ ಉಡೀಲೆ ಕಳಸಾಕ ಬರತೈತೇನು?"

ಮೇಡಂ ಜೀನ್ಸ್ ತೊಟ್ಟಿದ್ದರು. ಅತ್ತೆ ಅವರನ್ನೂ ಬಿಡಲಿಲ್ಲ. "ಸೆರಗಿಲ್ಲಂದ್ರ ಅಂಗಿ ಹಿಡೀ, ತಂಗಿ." ಅವರು ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ, "ಖಾಲಿ ಗಡಿಗೆಗಳನ್ನು ಹೇಗೆ ಕಳಿಸೋದು?" ಎಂದು ಮೆಲ್ಲಗೆ ಹೇಳಿ ಹೊರಟರು. ನನ್ನ ಬೆಂಗಳೂರು ಅವರೆಬೀಜವಾಗಿ ಅವರ ಅಂಗಿಯಲ್ಲೇ ಹೋಯಿತು.

ಎಲ್ಲರೂ ಹೋದ ಮೇಲೆ ನಾನು ಗೋಡೆಗೆ ಒರಗಿ ಕುಳಿತೆ. "ಎಲ್ಲಾ ಹಾಳ ಮಾಡಿದಿ, ಅತ್ತಿ" ಎಂದೆ. ಅವಳು ಹನ್ನೊಂದನೆಯ ಗಡಿಗೆಯನ್ನು ಎಳೆದುಕೊಂಡು ಬಾಯಿಯ ಸೆಗಣಿ ಒಡೆದಳು.

"ಏಳು. ಸೆರಗ ಒಡ್ಡು."

ಗಂಡ ಹೋದ ಮೇಲೆ ಯಾರೂ ನನ್ನ ಉಡಿ ತುಂಬಿರಲಿಲ್ಲ. ಯಾರದೇ ಮನೆಯಲ್ಲಿ ಉಡಿ ತುಂಬುವ ಹೊತ್ತಿಗೆ ನಾನಾಗಿಯೇ ಹಿತ್ತಲ ಕಡೆ ಸರಿಯುವುದು ರೂಢಿಯಾಗಿತ್ತು.

"ನನಗ ತುಂಬಬಾರದು, ಅತ್ತಿ."

"ನಾ ತುಂಬತೇನಿ. ಒಡ್ಡು."

ಐದು ಬೊಗಸೆ ಹೀರೆಬೀಜ ಹಾಕಿದಳು. ನಾನು ಅಳುತ್ತಿದ್ದೆ, ಕಣ್ಣೊರೆಸಿಕೊಳ್ಳಲು ಒಂದು ಕೈ ಬಿಟ್ಟೆ, ಸೆರಗು ಒಂದು ಕಡೆ ವಾಲಿತು.

"ನೆಟ್ಟಗ ಹಿಡಿ," ಎಂದು ಗದರಿದಳು, "ಒಂದೂ ಕೆಳಗ ಬೀಳಬಾರದು."