ಮಾಳವ್ವನ ಕಂಬಳಿ ಮತ್ತು ನನ್ನ ಕ್ರಿಯೇಟಿವ್ ಟೀಮು

ಇನ್ನೊಬ್ಬರಿಗೆ ಬಟ್ಟೆ ಆರಿಸಿಕೊಡುವ ಕೆಲಸವನ್ನು ಬುದ್ಧಿ ಇದ್ದವರು ಯಾರೂ ಮೈಮೇಲೆ ಎಳೆದುಕೊಳ್ಳಬಾರದು. ಹೆಣ್ಣು ನೋಡಿಕೊಟ್ಟವನಿಗೆ, ಬಾಡಿಗೆ ಮನೆ ಹುಡುಕಿಕೊಟ್ಟವನಿಗೆ ಬೈಗುಳ ತಲುಪಲು ಕೆಲವು ತಿಂಗಳಾದರೂ ಹಿಡಿಯುತ್ತದೆ. ಬಟ್ಟೆ ಆರಿಸಿಕೊಟ್ಟವನಿಗೆ ಅದು ಕನ್ನಡಿಯ ಮುಂದೆಯೇ ಸಿಗುತ್ತದೆ. ಇದೆಲ್ಲ ಗೊತ್ತಿದ್ದೂ ನಾನು ಒಬ್ಬ ಪಾಪ್ ಗಾಯಕಿಯ ವೇಷಭೂಷಣ ಸಮಿತಿಗೆ ಮುಖ್ಯಸ್ಥನಾದೆ. ಯಾರೂ ನನ್ನನ್ನು ಆರಿಸಲಿಲ್ಲ, ನಾನೇ ಆದೆ. ಜಮಖಂಡಿಯ ಹೈಸ್ಕೂಲೊಂದರಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಬಣ್ಣದ ವಿಷಯದಲ್ಲಿ ನನಗೊಂದು ಅಧಿಕಾರವಿದೆ ಎಂದು ನಾನು ತಿಳಿದಿದ್ದೇನೆ. ನನ್ನ ಹೆಂಡತಿ ಕಸ್ತೂರಿ ಹಾಗೆ ತಿಳಿದಿಲ್ಲ. ನನ್ನ ಅಂಗಿಗಳೆಲ್ಲ ತೊಳೆದ ಪಾಟಿಯ ಬಣ್ಣಕ್ಕಿವೆ ಎಂಬುದು ಅವಳ ತಕರಾರು. ಇದ್ದ ಬಣ್ಣವೆಲ್ಲ ಮಕ್ಕಳ ಹಾಳೆಯ ಮೇಲೆ ಖರ್ಚಾಯಿತು ಎಂದು ನಾನು ಸಮಜಾಯಿಷಿ ಕೊಡುತ್ತ ಬಂದಿದ್ದೇನೆ.

ಗಾಯಕಿ ಬೇರೆ ಯಾರೂ ಅಲ್ಲ, ಸಾವಳಗಿಯ ನನ್ನ ಅಕ್ಕ ಹೊನ್ನವ್ವನ ಮಗಳು ಮಾಳವ್ವ. ಡಿಗ್ರಿ ಓದಲೆಂದು ನಮ್ಮ ಮನೆಯಲ್ಲಿದ್ದಾಳೆ. ಮನೆಯಲ್ಲಿ ಮಾಳವ್ವ, ಮೊಬೈಲಿನಲ್ಲಿ ಮಾಳವಿಕಾ. ನಮ್ಮ ಕಡೆ ಹಾಡುಗಾರರ ಯೋಗ್ಯತೆಯನ್ನು ಪ್ರಶಸ್ತಿಯಿಂದ ಅಳೆಯುವುದಿಲ್ಲ, ಕಬ್ಬಿನ ಟ್ರ್ಯಾಕ್ಟರಿನಿಂದ ಅಳೆಯುತ್ತಾರೆ. ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳಲ್ಲಿ ನಿಮ್ಮ ಹಾಡು ಬಂತೆಂದರೆ ನೀವು ಗೆದ್ದಿರಿ. ಟ್ರ್ಯಾಕ್ಟರು ಕಣ್ಣಿಗೆ ಬೀಳುವ ಮೊದಲೇ ಹಾಡು ಬರುತ್ತದೆ, ಟ್ರ್ಯಾಕ್ಟರು ಹೋದ ಮೇಲೂ ಕಿಟಕಿಯ ಗಾಜಿನಲ್ಲಿ ಸ್ವಲ್ಪ ಉಳಿದಿರುತ್ತದೆ. ಮಾಳವ್ವನ ಹಾಡು ಆ ಪದವಿಗೆ ಏರಿ ಒಂದು ಹಂಗಾಮು ಕಳೆದಿತ್ತು. ಆದರೆ ಅವಳ ಮುಖವನ್ನು ಯಾರೂ ನೋಡಿರಲಿಲ್ಲ, ಯಾಕೆಂದರೆ ಹಾಡಿನ ಜೊತೆ ಮೊಬೈಲಿನಲ್ಲಿ ಬರುತ್ತಿದ್ದದ್ದು ಒಂದು ಗುಲಾಬಿ ಹೂವಿನ ಚಿತ್ರ. ಒಮ್ಮೆ ಡ್ರೈವರನೊಬ್ಬ ನಮ್ಮ ಬಾಗಿಲಿಗೆ ನೀರು ಕೇಳಿಕೊಂಡು ಬಂದ. ಮಾಳವ್ವ ತಂಬಿಗೆ ಕೊಟ್ಟು ಯಾವೂರೆಂದು ಕೇಳಿದರೆ, ಆ ಪುಣ್ಯಾತ್ಮ ನೀರು ಕುಡಿಯುವುದು ಬಿಟ್ಟು, “ತಂಗಿ, ಒಂಚೂರು ಸುಮ್ಕಿರು, ಮಾಳವಿಕಾ ಮೇಡಂ ಹಾಡು ಬರಾಕತ್ತೇತಿ” ಎಂದ. ಅವಳು ಸುಮ್ಮನೆ ನಿಂತು ತನ್ನ ಹಾಡನ್ನು ತಾನೇ ಪೂರ್ತಿ ಕೇಳಿದಳು.

ಹೀಗಿರುವಾಗ ರಬಕವಿಯ ಆರ್ಕೆಸ್ಟ್ರಾ ಮಾಲೀಕ ಚಂದ್ರು ಮನೆಗೆ ಬಂದ. ಕಬ್ಬಿನ ಹಂಗಾಮು ಮುಗಿದ ಖುಷಿಗೆ ಮುಧೋಳದಲ್ಲಿ ಟ್ರ್ಯಾಕ್ಟರಿನವರೆಲ್ಲ ಸೇರಿ ಒಂದು ಸಂಜೆಯ ಕಾರ್ಯಕ್ರಮ ಇಟ್ಟಿದ್ದರು. ಅವರಿಗೆ ಮಾಳವಿಕಾಳೇ ಬೇಕಂತೆ. ನಮಗೆಲ್ಲ ಖುಷಿಯೋ ಖುಷಿ. ಚಂದ್ರು ಮಾತ್ರ ಮಾಳವ್ವನನ್ನು ಮೇಲಿಂದ ಕೆಳಗೆ ನೋಡಿ, ಚಹಾದ ಕಪ್ಪಿನೊಳಗೆ ಮುಖ ಹಾಕಿಕೊಂಡು ಹೇಳಿದ: “ದನಿ ಅಂತೂ ಬೆಲ್ಲ ಐತ್ರಿ ಸರ. ಆದ್ರ ನೋಡಾಕ ಸ್ಟಾರ್ ಅನಸಂಗಿಲ್ರಿ. ಒಂದ ಕೆಲಸ ಮಾಡೂಣು. ಇಕಿ ಪರದೆ ಹಿಂದ ನಿಂತು ಹಾಡ್ಲಿ. ಮುಂದ ಬೀಳಗಿ ಹುಡುಗಿ ಒಬ್ಬಾಕಿ ಅದಾಳ, ಛಲೋ ಕಾಣ್ತಾಳ, ಆಕಿ ಬಾಯಿ ಆಡಸ್ತಾಳ.”

ಕಸ್ತೂರಿ ಅವನಿಗೆ ಎರಡನೆಯ ಸಲ ಚಹಾ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿದಳು. ನನಗಂತೂ ಮೈ ಉರಿಯಿತು. ಮಾಳವ್ವ ಅಳಲಿಲ್ಲ. ನನ್ನ ಕಡೆ ತಿರುಗಿ, “ಗಂಟಲ ನಂದು, ಮಾರಿ ಮಂದೀದು ಅಂದ್ರ ಹೆಂಗ ಮಾಮಾ? ನಾ ಹಿಂದ ನಿಂದ್ರಂಗಿಲ್ಲ” ಎಂದಳು. ಹುಡುಗಿಯ ದವಡೆ ಬಿಗಿದದ್ದು ನೋಡಿ ನನಗೂ ಹಟ ಬಂತು. “ಚಂದ್ರು, ಮುಧೋಳದಾಗ ಇಕೀನs ಮುಂದ ನಿಲ್ಲಾಕಿ. ಸ್ಟಾರ್ ಹೆಂಗ ಕಾಣಬೇಕು ಅನ್ನೂದನ್ನ ನಮಗ ಬಿಡು” ಎಂದುಬಿಟ್ಟೆ. ಅವನು ಒಪ್ಪಿದ. ಆದರೆ ಆ ದಿನ ಬೀಳಗಿಯ ಹುಡುಗಿಯನ್ನೂ ತಯಾರು ಮಾಡಿ ಕರೆತರುವುದಾಗಿ, ನಮ್ಮದು ಹೊಂದದಿದ್ದರೆ ಅಲ್ಲಿಯೇ ಅದಲು ಬದಲು ಮಾಡುವುದಾಗಿ ಕರಾರು ಹಾಕಿ ಹೋದ.

ಹೀಗೆ ನಮ್ಮ ಟೀಮು ಹುಟ್ಟಿತು. ದೊಡ್ಡ ದೊಡ್ಡ ಗಾಯಕಿಯರ ಹಿಂದೆ ಬಟ್ಟೆಗೊಬ್ಬರು, ಕೂದಲಿಗೊಬ್ಬರು, ಬೆಳಕಿಗೊಬ್ಬರು ಇರುತ್ತಾರಂತೆ. ನಮ್ಮಲ್ಲಿ ಕಲ್ಪನೆಗೆ ನಾನು, ಕೂದಲು ಮತ್ತು ಬೈಗುಳಕ್ಕೆ ಕಸ್ತೂರಿ, ಹೊಲಿಗೆಗೆ ಬನಹಟ್ಟಿಯ ಗಫಾರ. ಈ ಗಫಾರ ಒಳ್ಳೆಯ ಟೇಲರ್, ಆದರೆ ಆಯುಷ್ಯವೆಲ್ಲ ಮದುವೆಯ ಬ್ಯಾಂಡ್ ಕಂಪನಿಗಳಿಗೆ ಸಮವಸ್ತ್ರ ಹೊಲಿದವನು. ಅವನ ಕೈಗೆ ಯಾವ ಬಟ್ಟೆ ಕೊಟ್ಟರೂ ಅದು ತಾನಾಗಿಯೇ ಭುಜಕ್ಕೆ ಹೋಗಿ ಬಂಗಾರ ಬಣ್ಣದ ಎಳೆಗಳ ಜೂಲು ಕಟ್ಟುತ್ತದೆ, ಎದೆಗೆ ಹಿತ್ತಾಳೆಯ ಗುಂಡಿ ಜಡಿಯುತ್ತದೆ. ನಾನು ಬಣ್ಣದ ಪೆನ್ಸಿಲ್ಲಿನಲ್ಲಿ ನಾಜೂಕಾಗಿ ಬರೆದುಕೊಟ್ಟ ಚಿತ್ರ ನೋಡಿ ಅವನು ತಲೆದೂಗಿದ. ಹೊಲಿದು ತಂದಾಗ ಮಾಳವ್ವ ಅದನ್ನು ತೊಟ್ಟು ಹೊರಗೆ ಬಂದಳು. ಕಸ್ತೂರಿ ಒಂದು ಕ್ಷಣ ನೋಡಿ, “ಇಕಿ ಹಾಡಾಕ ಹೊಂಟಾಳೋ, ಕ್ಲಾರ್ನೆಟ್ ಊದಾಕ ಹೊಂಟಾಳೋ?” ಎಂದು ಕೇಳಿದಳು. ಗಫಾರನಿಗೆ ಸಿಟ್ಟು ಬಂತು. “ಅಕ್ಕಾರ, ಜೂಲು ಇಲ್ದಿದ್ರ ಸ್ಟೇಜ್ ಮ್ಯಾಲ ಮನಷ್ಯಾ ಎದ್ದು ಕಾಣಂಗಿಲ್ರಿ” ಎಂದು ತನ್ನ ಸಿದ್ಧಾಂತ ಮಂಡಿಸಿದ. ಒಬ್ಬ ಕಲಾವಿದನ ನೋವು ಇನ್ನೊಬ್ಬ ಕಲಾವಿದನಿಗೆ ತಿಳಿಯುತ್ತದೆ. ನಾನು ಅವನನ್ನು ಖಾನಾವಳಿಗೆ ಕರೆದುಕೊಂಡು ಹೋಗಿ ಸಮಾಧಾನ ಮಾಡಿದೆ.

ಆ ಖಾನಾವಳಿಯಲ್ಲಿ ರೊಟ್ಟಿ ಮುರಿಯುವಾಗಲೇ ನನಗೆ ಕಂಬಳಿಯ ವಿಚಾರ ಹೊಳೆದದ್ದು. ನಾವು ಬೀರೇಶ್ವರನ ಒಕ್ಕಲು, ಕುರಿ ಕಾಯ್ದು ಬಂದ ಮನೆತನ. ಕರಿ ಕಂಬಳಿಗಿಂತ ಬೇರೆ ಗುರುತು ನಮಗೆ ಬೇಕೆ? ಬನಹಟ್ಟಿಯ ಸಾದಾ ಹತ್ತಿ ಸೀರೆ, ಮೇಲೆ ಹೆಗಲಿನಿಂದ ಇಳಿಬಿದ್ದ ಕರಿ ಕಂಬಳಿ, ಅದರ ಅಂಚಿಗೆ ಮಿಂಚುವ ಜರಿ! ನನ್ನ ಜಾಣತನಕ್ಕೆ ನನಗೇ ರೋಮಾಂಚನವಾಯಿತು. ಸಾವಳಗಿಗೆ ಹೋಗಿ ಅಕ್ಕನನ್ನು ಕೇಳಿದೆ. ಅವಳು ಪೆಟ್ಟಿಗೆಯಿಂದ ಹಿರಿಯರ ಕಾಲದ ಕಂಬಳಿ ತೆಗೆದುಕೊಟ್ಟು, “ಹೆಗಲ ಮ್ಯಾಲ ಹಾಕ್ಕೊಂಡ್ರ ಹಾಕ್ಕೊಳ್ಳಲಿ. ಕತ್ರಿ ಮಾತ್ರ ಹಚ್ಚಬ್ಯಾಡ ನೋಡು” ಎಂದಳು. ಕತ್ತರಿ ಹಾಕುವಂತಿಲ್ಲ, ಕಂಬಳಿ ಮಾತ್ರ ಎರಡು ಮಾರು ಉದ್ದ. ಹಾಗಾಗಿ ಉಳಿದ ಉದ್ದವನ್ನು ಹಿಂದಕ್ಕೆ ಹರಿಯಬಿಡುವುದೆಂದು ನಿಶ್ಚಯಿಸಿದೆ. ಗಫಾರ ಹೆಗಲಿನ ಮೇಲೆ ಪಿನ್ನು ಚುಚ್ಚಿ ನಿಲ್ಲಿಸಿದ. ಮಾಳವ್ವ ಪಡಸಾಲೆಯಲ್ಲಿ ನಡೆದು ತೋರಿಸಿದಾಗ ಕಂಬಳಿ ಗಂಭೀರವಾಗಿ ಅವಳ ಬೆನ್ನು ಹತ್ತಿತು. “ರಾಣಿ ಕಂಡಂಗ ಕಾಣಾಕತ್ತಾಳ ಹೌದಿಲ್ಲೋ?” ಎಂದೆ. “ಇವತ್ತ ಕಸಾ ಹೊಡಿಯೂದು ಉಳೀತು” ಎಂದಳು ಕಸ್ತೂರಿ. ಆದರೆ ಅವಳಿಗೂ ಮನಸ್ಸಿನಲ್ಲಿ ಒಪ್ಪಿಗೆಯಾಗಿತ್ತು.

ಮುಧೋಳದ ಮೈದಾನ ತುಂಬಿಹೋಗಿತ್ತು. ಹಿಂದೆ ಸಾಲಾಗಿ ಟ್ರ್ಯಾಕ್ಟರು, ಅವುಗಳ ಮೇಲೆ ಹುಡುಗರು, ಮುಂದಿನ ಕುರ್ಚಿಗಳಲ್ಲಿ ತಲೆಗೆ ಪಟಗಾ ಸುತ್ತಿದ ಹಿರಿಯರು, ಅವರ ನಡುವೆ ನನ್ನ ಅಕ್ಕ. ವೇದಿಕೆಯ ಮೂಲೆಯಲ್ಲಿ ನಾನು ಒಂದು ದೊಡ್ಡ ಫ್ಯಾನ್ ಇಡಿಸಿದ್ದೆ. ದೊಡ್ಡ ಗಾಯಕಿಯರ ಕೂದಲು ಹಾರಾಡುವುದನ್ನು ನಾನೂ ನೋಡಿದ್ದೇನಲ್ಲ! ಪಕ್ಕದಲ್ಲಿ ಬೀಳಗಿಯ ಹುಡುಗಿ ಥಳಥಳ ಹೊಳೆಯುತ್ತ ಕೂತಿದ್ದಳು. ವೇದಿಕೆಯ ಹಿಂದಿನ ಪರದೆಯ ಆಚೆ ಚಂದ್ರು ಒಂದು ಮೈಕು ನಿಲ್ಲಿಸಿದ್ದ. ಅದನ್ನು ನೋಡಿ ನಾನು ಮಾಳವ್ವನ ಹೆಗಲಿನ ಪಿನ್ನುಗಳನ್ನು ಇನ್ನೊಮ್ಮೆ ಎಣಿಸಿದೆ.

ಮಾಳವ್ವ ಡೊಳ್ಳಿನ ಪೆಟ್ಟಿಗೆ ಸರಿಯಾಗಿ ನಡೆದು ಬಂದಳು. ಕಂಬಳಿ ಹಿಂದೆ ಉದ್ದಕ್ಕೆ ಹಾಸಿಕೊಂಡಿತು. ಸಿಳ್ಳೆಯ ಮೇಲೆ ಸಿಳ್ಳೆ. ಮೊದಲನೆಯ ಸಾಲು ಮುಗಿಯುತ್ತಲೇ ಹಿಂದಿನಿಂದ ಕುಣಿಯುವ ಹುಡುಗರು ಓಡಿಬಂದು ಅವಳ ಎಡಬಲಕ್ಕೆ ನಿಲ್ಲಬೇಕಿತ್ತು. ಓಡಿ ಬಂದವರು ಕಂಬಳಿಯ ಅಂಚಿಗೆ ಗಕ್ಕನೆ ನಿಂತರು. ಅವರಲ್ಲೊಬ್ಬ ಬಗ್ಗಿ ಕಂಬಳಿ ಮುಟ್ಟಿ ಕಣ್ಣಿಗೊತ್ತಿಕೊಂಡು ಬೂಟು ಬಿಚ್ಚತೊಡಗಿದ. ಅವನನ್ನು ನೋಡಿ ಉಳಿದವರೂ ಬಿಚ್ಚತೊಡಗಿದರು. ಹಾಡು ನಡೆಯುತ್ತಿದೆ, ನರ್ತಕರು ಲೇಸು ಬಿಚ್ಚುತ್ತಿದ್ದಾರೆ!

ಆಗ ನನ್ನ ತಲೆಗೆ ಹೊಳೆಯಿತು. ನಮ್ಮವರಲ್ಲಿ ಕಂಬಳಿ ಹೆಗಲ ಮೇಲಿದ್ದರೆ ಬಟ್ಟೆ, ನೆಲಕ್ಕೆ ಹಾಸಿದರೆ ಗದ್ದಿಗೆ. ದೇವರು ಕೂಡುವ ಜಾಗ. ಅದನ್ನು ಚಪ್ಪಲಿಯಲ್ಲಿ ತುಳಿಯುವಂತಿಲ್ಲ, ಕಂಡವರು ಅದಕ್ಕೆ ಭಂಡಾರ ಎನ್ನುವ ಅರಿಶಿನ ಪುಡಿ ಹಾರಿಸದೆ ಹೋಗುವಂತಿಲ್ಲ. ಹುಟ್ಟಿದಾಗಿನಿಂದ ನೋಡಿದ್ದನ್ನು, ಸಂಬಳದ ಮನುಷ್ಯನಾಗಿ ಕಂಬಳಿಯನ್ನು ಅಕ್ಕನ ಪೆಟ್ಟಿಗೆಗೆ ಬಿಟ್ಟ ಮೇಲೆ, ನಾನು ಮರೆತಿದ್ದೆ. ಮುಂದಿನ ಸಾಲಿನ ಹಿರಿಯರು ಮರೆತಿರಲಿಲ್ಲ. “ಕಂಬಳಿ ಹಾಸ್ಯಾರಲ್ಲೋ ತಮ್ಮಾ!” ಎಂದು ಒಬ್ಬರು ಎದ್ದರು, ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ವೇದಿಕೆ ಹತ್ತಿ, ಸೊಂಟದ ಚೀಲದಿಂದ ಒಂದು ಹಿಡಿ ಅರಿಶಿನದ ಭಂಡಾರ ತೆಗೆದು ಹಾರಿಸಿದರು. ಅವರ ಹಿಂದೆ ಇನ್ನೊಬ್ಬರು, ಇನ್ನೊಬ್ಬರ ಹಿಂದೆ ಮತ್ತೊಬ್ಬರು. ನನ್ನ ಫ್ಯಾನ್ ತನ್ನ ಕೆಲಸ ತಾನು ಮಾಡಿತು. ಕೀಬೋರ್ಡು ಹಳದಿ, ಡೊಳ್ಳು ಹಳದಿ, ಮಾಳವ್ವನ ಹಣೆ, ಹುಬ್ಬು, ಹಲ್ಲು ಎಲ್ಲ ಹಳದಿ. ಪಾಪ, ಅವಳು ಮುಂದೆ ಹೋದರೆ ಗದ್ದಿಗೆಯನ್ನು ಎಳೆದಂತೆ, ಹಿಂದೆ ಸರಿದರೆ ತುಳಿದಂತೆ. ಹಾಡು ನಿಂತಿತು. ಮುಂದಿನ ಸಾಲಿನಿಂದ ಅಕ್ಕ ನನ್ನ ಕಡೆ ನೋಡಿದ ನೋಟವನ್ನು ನಾನು ವರ್ಣಿಸಲಾರೆ.

ಚಂದ್ರು ಪಕ್ಕದಿಂದ, “ನೀ ಹೋಗು, ನೀ ಹೋಗು!” ಎಂದು ಬೀಳಗಿಯ ಹುಡುಗಿಯನ್ನು ದಬ್ಬಿದ. ಆ ಹುಡುಗಿ ಒಂದು ಹೆಜ್ಜೆ ಇಟ್ಟಳು. ಮಾಳವ್ವ ಅವಳತ್ತ ಕೈ ಮಾಡಿ, “ತಂಗಿ, ಅಲ್ಲೇ ನಿಲ್ಲು” ಎಂದಳು. ಜೋರಾಗಿ ಹೇಳಲಿಲ್ಲ, ಆದರೆ ಆ ಹುಡುಗಿ ನಿಂತಳು. ಮಾಳವ್ವ ಗಫಾರನ ಪಿನ್ನುಗಳನ್ನು ತಾನೇ ಕಿತ್ತಳು, ಎತ್ತರದ ಚಪ್ಪಲಿ ಕಳಚಿ ಬದಿಗಿಟ್ಟಳು, ಬಗ್ಗಿ ನಮಸ್ಕಾರ ಮಾಡಿ, ಭಂಡಾರ ಚೆಲ್ಲದಂತೆ ಕಂಬಳಿಯನ್ನು ಮಡಚಿದಳು. ಇಡಲು ಜಾಗ ಹುಡುಕಿ, ವೇದಿಕೆಯ ಬದಿಗೆ ಚಂದ್ರು ಕೂಡುವ ಕುರ್ಚಿಯ ಮೇಲೆಯೇ ಇಟ್ಟಳು. ಆಮೇಲೆ ಬರಿಗಾಲಲ್ಲಿ ಮುಂದೆ ಬಂದು ಮೈಕು ಹಿಡಿದಳು.

“ಇಷ್ಟ ದಿನ ನೀವು ಕೇಳಿದ್ದು ನಂದs ದನಿ. ಈಗ ಮಾರಿ ಹಳದಿ ಆಗೇತಿ. ಆದ್ರ ಇದು ನಂದs ಮಾರಿ. ನೋಡ್ಕೋರಿ” ಎಂದು ಹೇಳಿ, ವಾದ್ಯಕ್ಕೂ ಕಾಯದೆ ಹಾಡು ಎತ್ತಿದಳು.

ಡೊಳ್ಳಿನವನು ಓಡಿಬಂದು ಅವಳನ್ನು ಕೂಡಿಕೊಂಡ. ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು. ಇಂಥ ಹೊತ್ತಿನಲ್ಲಿ ನಾನು ಏನು ಮಾಡಬೇಕಿತ್ತು? ಸುಮ್ಮನಿರಬೇಕಿತ್ತು. ಆದರೆ ಟೀಮಿನ ಮುಖ್ಯಸ್ಥನ ಕಣ್ಣಿಗೆ ಬಿದ್ದದ್ದು ಅವಳ ಎಡ ಹುಬ್ಬಿನ ಮೇಲೆ ಗಟ್ಟಿಯಾಗಿ ಕೂತ ಭಂಡಾರ. ಟಾವೆಲ್ ಹಿಡಿದುಕೊಂಡು ವೇದಿಕೆಗೆ ನುಗ್ಗಿ, ಅವಳ ಎದುರಿಗೆ ನಿಂತು ಮುಖ ಒರೆಸಲು ಹೋದೆ. ಟ್ರ್ಯಾಕ್ಟರಿನ ಮೇಲಿನಿಂದ ಒಬ್ಬ ಕೂಗಿದ: “ಏ ಯಜಮಾನಾ, ಬಾಜೂ ಸರೀ! ಆಕಿ ಕಾಣವಲ್ಲಳು!” ಅವನ ಹಿಂದೆ ಇಡೀ ಮೈದಾನ ಅದನ್ನೇ ಕೂಗಿತು. ಯಾರೋ ನನ್ನ ತೋಳು ಹಿಡಿದು ಜಗ್ಗಿದರು. ತಿರುಗಿ ನೋಡಿದರೆ ಚಂದ್ರು. “ಸರ, ಬಾಜೂ ಸರೀರಿ! ಮಂದಿಗಿ ಆಕೀನs ಬೇಕಾಗ್ಯಾಳ!”

ನಾನು ಸರಿದೆ. ಸರಿದು ಸರಿದು ಪರದೆಯ ಹಿಂದೆ ಹೋಗಿ ನಿಂತೆ. ಅಲ್ಲಿ ಚಂದ್ರು ಮಾಳವ್ವನಿಗೆಂದು ನಿಲ್ಲಿಸಿದ ಮೈಕು ಹಾಗೇ ಇತ್ತು. ಮುಂದೆ ಅವಳು ಹಾಡಿದಳು, ಹಿಂದೆ ನಾನು ಟಾವೆಲ್ ಹಿಡಿದುಕೊಂಡು ಅವಳ ಹಾಡಿಗೆ ಬಾಯಿ ಆಡಿಸಿದೆ. ಅವಳ ಮುಖಕ್ಕೆಂದು ತಂದ ಟಾವೆಲ್ಲಿನಿಂದ ನನ್ನ ಕಣ್ಣು ಒರೆಸಿಕೊಂಡೆ. ಕಸ್ತೂರಿ ಕೇಳಿದರೆ ಭಂಡಾರ ಕಣ್ಣಿಗೆ ಬಿತ್ತೆಂದು ಹೇಳುವುದೆಂದು ಅಲ್ಲಿಯೇ ನಿಶ್ಚಯಿಸಿಕೊಂಡೆ.